ವ್ಯಾಕುಲ ಮಾತೆಯ ಪಕ್ಕದಲ್ಲಿ ಕೂರುವುದು ಹೇಗೆ: ಏಳು ವ್ಯಾಕುಲಗಳ ಜಪ ಕಲಿಯುವವರಿಗೆ

ನನ್ನ ತಮ್ಮ ಆರು ದಿನ ಐಸಿಯುನಲ್ಲಿದ್ದ. ಬೈಕಿಗೆ ಲಾರಿ ಗುದ್ದಿತ್ತು. ಅವನಿಗಾಗ 24 ವರ್ಷ. ಒಳಗೆ ಬಿಡುತ್ತಿದ್ದದ್ದು ದಿನಕ್ಕೆ ಎರಡು ಸಲ, ಒಬ್ಬರನ್ನು ಮಾತ್ರ, ಅದೂ ಐದು ನಿಮಿಷ. ಉಳಿದ ಹೊತ್ತೆಲ್ಲ ಅಮ್ಮ ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಗಡಿಬಿಡಿಯಲ್ಲಿ ಹೊರಟಿದ್ದರಿಂದ ಜಪಸರ ಮನೆಯಲ್ಲೇ ಉಳಿದುಹೋಗಿತ್ತು. ಎರಡನೇ ದಿನ ನೋಡುತ್ತೇನೆ, ಸೆರಗಿನ ಕುಚ್ಚುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಾರೆ. ಏಳು ಕುಚ್ಚು ಆದ ಮೇಲೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಮತ್ತೆ ಮೊದಲಿನಿಂದ ಏಳು.

ಜಪಸರ ಅಂದರೆ ಹತ್ತು ಹತ್ತರ ಲೆಕ್ಕ ಅಲ್ವಾ, ಇದೇನಮ್ಮ ಏಳು ಅಂತ ಕೇಳಿದೆ. "ಇದು ವ್ಯಾಕುಲ ಮಾತೇದು. ಆ ತಾಯಿಗೂ ಹೀಗೇ ಅಲ್ವಾ, ಮಗ ಕಣ್ಣೆದುರಿಗೇ ಇದ್ದ, ಮುಟ್ಟೋಕೆ ಬಿಡಲಿಲ್ಲ" ಅಂದರು. ವ್ಯಾಕುಲ ಮಾತೆ ಅಂದರೆ ದುಃಖ ಹೊತ್ತ ತಾಯಿ, ಯೇಸುಸ್ವಾಮಿಯ ತಾಯಿ ಮರಿಯ.

ತಮ್ಮ ಉಳಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಡಿಕೊಂಡದ್ದು ಸಿಗುವ ಜಪ ಅಂತ ಯಾರಾದರೂ ನಿಮಗೆ ಹೇಳಿದ್ದರೆ, ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ. ನಾನು ಕಂಡದ್ದು ಇಷ್ಟು: ಅಮ್ಮನಿಗೆ ಆ ದುಃಖದಲ್ಲಿ ಜೊತೆಗೆ ಕೂರಲು ಒಬ್ಬರಿದ್ದರು. ಆ ಜೊತೆ ಅವರನ್ನು ಹಿಡಿದು ನಿಲ್ಲಿಸಿತು. ಆಮೇಲೆ ನನ್ನ ಸರದಿ ಬಂದಾಗ ನಾನೂ ಅದೇ ಜಪ ಹಿಡಿದೆ. ಕಲಿತದ್ದನ್ನು ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಬರೆಯುತ್ತೇನೆ. ಎಲ್ಲವನ್ನೂ ಇವತ್ತೇ ಮಾಡಬೇಕಿಲ್ಲ. ಮೊದಲ ಎರಡು ಹೆಜ್ಜೆ ಓದಿ ಮುಚ್ಚಿಟ್ಟರೂ ಸಾಕು.

ಮೊದಲು ಜಾಗ, ಹೊತ್ತು

ಮನೆಯಲ್ಲಿ ಒಂದು ಮೂಲೆ ಗೊತ್ತುಮಾಡಿಕೊಳ್ಳಿ. ದೇವರ ಪೀಠವೇ ಆಗಬೇಕಿಲ್ಲ. ದುಃಖದಲ್ಲಿದ್ದಾಗ ಆ ಪೀಠದ ಮುಂದೆ ಹೋಗಲು ಕೆಲವರಿಗೆ ಆಗುವುದೇ ಇಲ್ಲ. ನನಗೂ ಆಗುತ್ತಿರಲಿಲ್ಲ. ಅಡುಗೆಮನೆ ಕಿಟಕಿ ಹತ್ತಿರ ಒಂದು ಸ್ಟೂಲ್ ಹಾಕಿಕೊಂಡು ಶುರುಮಾಡಿದೆ.

ವ್ಯಾಕುಲ ಮಾತೆಯ ಚಿತ್ರ ಇದ್ದರೆ ಇಟ್ಟುಕೊಳ್ಳಿ. ಗುರುತು ಹಿಡಿಯುವುದು ಸುಲಭ: ಎದೆಯ ಮೇಲೆ ಕಾಣುವ ಹೃದಯ, ಅದಕ್ಕೆ ನೆಟ್ಟ ಏಳು ಕತ್ತಿ. ಕೆಲವು ಚಿತ್ರಗಳಲ್ಲಿ ಒಂದೇ ಕತ್ತಿ ಇರುತ್ತದೆ. ಉಡುಪಿ ಕಡೆಯವರು ಇದೇ ತಾಯಿಯನ್ನು ಶೋಕಮಾತೆ ಅನ್ನುತ್ತಾರೆ, ಅಲ್ಲಿನ ದೇವಾಲಯಕ್ಕೂ ಅದೇ ಹೆಸರು. ಕೇರಳದ ತ್ರಿಶೂರಿನ ದೊಡ್ಡ ಬೆಸಿಲಿಕಾ ಕೂಡ ವ್ಯಾಕುಲ ಮಾತೆಯದೇ. ಚಿತ್ರ ಸಿಗದಿದ್ದರೆ ಚಿಂತೆಯಿಲ್ಲ. ಒಂದು ಮೇಣದಬತ್ತಿ ಸಾಕು, ಅದೂ ಇಲ್ಲದೆ ನಡೆಯುತ್ತದೆ. ಅಮ್ಮನ ಹತ್ತಿರ ಆಸ್ಪತ್ರೆಯಲ್ಲಿ ಸೆರಗು ಬಿಟ್ಟು ಏನೂ ಇರಲಿಲ್ಲ.

ಹೊತ್ತು ಮಾತ್ರ ಒಂದೇ ಇರಲಿ. ದುಃಖ ಯಾವಾಗ ಜಾಸ್ತಿಯಾಗುತ್ತದೆ ಅನ್ನುವುದು ನಿಮಗೇ ಗೊತ್ತಿರುತ್ತದೆ. ಕೆಲವರಿಗೆ ಬೆಳಗಿನ ಜಾವ, ಕೆಲವರಿಗೆ ಮನೆಗೆ ಬರಬೇಕಾದವರು ಬರುತ್ತಿದ್ದ ಸಂಜೆ ಹೊತ್ತು. ಆ ಹೊತ್ತನ್ನೇ ಜಪಕ್ಕೆ ಕೊಡಿ. ಹೇಗೂ ಆ ಹೊತ್ತಿಗೆ ಬೇರೆ ಕೆಲಸ ಸಾಗುವುದಿಲ್ಲ.

ನಿಮ್ಮ ದುಃಖವನ್ನು ಒಂದು ಸಾಲಿನಲ್ಲಿ ಬರೆಯಿರಿ

ಒಂದು ಚೀಟಿ ತೆಗೆದುಕೊಂಡು ಒಂದೇ ಸಾಲು ಬರೆಯಿರಿ. "ದೇವರೇ ಕಾಪಾಡು" ಅಂತಲ್ಲ. ಏನಾಗಿದೆಯೋ ಅದನ್ನು ಹಾಗೇ ಬರೆಯಿರಿ. "ಮಗಳು ಎಂಟು ತಿಂಗಳಿಂದ ಮಾತಾಡಿಲ್ಲ." "ಕೀಮೋ ಮುಗಿದಿದೆ, ಗಡ್ಡೆ ಹೋಗಿಲ್ಲ." "ಅಪ್ಪ ನನ್ನ ಗುರುತು ಹಿಡಿಯುತ್ತಿಲ್ಲ." ನನ್ನ ಮೊದಲ ಚೀಟಿಯಲ್ಲಿ ಇದ್ದದ್ದು "ತೊಟ್ಟಿಲು ವಾಪಸ್ ಕೊಟ್ಟೆವು" ಅನ್ನುವ ಮೂರು ಪದ.

ಇದು ಯಾಕೆ ಬೇಕು ಅಂದರೆ, ದುಃಖ ದೊಡ್ಡದಾದಷ್ಟೂ ಅದಕ್ಕೆ ಅಂಚು ಇರುವುದಿಲ್ಲ. ಎಲ್ಲವೂ ಹಾಳಾಯಿತು ಅನಿಸುತ್ತದೆ. ಬರೆದಾಗ ಅದಕ್ಕೊಂದು ಹೆಸರು ಬರುತ್ತದೆ. ಮಾತೆಯ ದುಃಖವನ್ನೂ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಸುಮ್ನೆ ದುಃಖ ಅಂತ ಬಿಡಲಿಲ್ಲ. ಎಣಿಸಿ, ಒಂದೊಂದಕ್ಕೂ ಹೆಸರಿಟ್ಟು, ಏಳು ಅಂದಿತು.

ಏಳರ ಪರಿಚಯ ಮಾಡಿಕೊಳ್ಳಿ

ಜಪ ಶುರುಮಾಡುವ ಮೊದಲು ಒಂದು ವಾರ ದಿನಕ್ಕೊಂದರಂತೆ ಇವನ್ನು ಓದಿ. ಮನೆಯಲ್ಲಿ ಬೈಬಲ್ ಇದ್ದರೆ ತೆರೆದು ಓದಿ, ಎಲ್ಲಿದೆ ಅಂತ ಹೇಳುತ್ತೇನೆ. ಏಳರಲ್ಲಿ ಒಂದು ನಿಮ್ಮ ಚೀಟಿಯ ಸಾಲಿಗೆ ಹತ್ತಿರ ಬರುತ್ತದೆ. ಅದು ಸಿಕ್ಕಿದರೆ ಅಲ್ಲೇ ನಿಲ್ಲಿ. ವಾರ ಪೂರ್ತಿ ಅದೊಂದರಲ್ಲೇ ಇದ್ದರೂ ತಪ್ಪಿಲ್ಲ.

ಒಂದನೆಯದು ಸಿಮೆಯೋನನ ಮಾತು (ಲೂಕ 2:34-35). ಬಡ ದಂಪತಿ. ಕುರಿಮರಿ ತರುವ ಶಕ್ತಿ ಇಲ್ಲದೆ ಜೋಡಿ ಹಕ್ಕಿ ಹಿಡಿದುಕೊಂಡು ಮಗುವಿನ ಜೊತೆ ಜೆರುಸಲೇಮಿನ ದೇವಾಲಯಕ್ಕೆ ಬಂದಿದ್ದಾರೆ. ಒಬ್ಬ ಮುದುಕ ಮಗುವನ್ನು ಎತ್ತಿಕೊಂಡು ಸಂತೋಷಪಡುತ್ತಾನೆ. ಆಮೇಲೆ ತಾಯಿಯ ಕಡೆ ತಿರುಗಿ, ನಿನ್ನ ಎದೆಯನ್ನೂ ಒಂದು ಕತ್ತಿ ಇರಿಯುತ್ತದೆ ಅನ್ನುತ್ತಾನೆ. ಯಾವಾಗ, ಹೇಗೆ, ಏನೂ ಹೇಳುವುದಿಲ್ಲ. ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿ ಹಿಡಿದು ಹೊರಗೆ ಬಂದವರಿಗೆ ಇದು ಗೊತ್ತು. ಇನ್ನೂ ಏನೂ ಆಗಿಲ್ಲ, ಆದರೆ ಮಗುವನ್ನು ಎತ್ತಿಕೊಳ್ಳುವ ಕೈ ಅವತ್ತಿನಿಂದ ಬೇರೆಯಾಗಿಬಿಡುತ್ತದೆ.

ಎರಡನೆಯದು ಈಜಿಪ್ಟಿಗೆ ಓಡಿಹೋದದ್ದು (ಮತ್ತಾಯ 2:13-15). ಇದರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಮಾತೆ ಎಲ್ಲ ಸಹಿಸಿಕೊಂಡರು, ನೀನೂ ಸಹಿಸಿಕೋ" ಅಂತ ಗಂಡನ ಏಟು ತಿನ್ನುತ್ತಿರುವ ಹೆಣ್ಣುಮಕ್ಕಳಿಗೆ ಹೇಳುವವರಿದ್ದಾರೆ. ಅವರು ಈ ಎರಡನೇ ವ್ಯಾಕುಲವನ್ನು ಓದಿಲ್ಲ. ಜೀವಕ್ಕೆ ಅಪಾಯ ಅಂತ ತಿಳಿದ ರಾತ್ರಿಯೇ ಮಾತೆಯ ಗಂಡ ಜೋಸೆಫರು ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಹೊರಟರು. ಮಗುವನ್ನು ಕೊಲ್ಲಲು ಹುಡುಕುತ್ತಿದ್ದ ರಾಜ ಹೆರೋದನ ಕೈಗೆ ಸಿಕ್ಕಿ ಸಹಿಸಿಕೊಳ್ಳೋಣ ಅನ್ನಲಿಲ್ಲ. ಮನೆಯೊಳಗೆ ಹಿಂಸೆ ಇದ್ದರೆ ಮೊದಲು ಅಲ್ಲಿಂದ ಹೊರಡಿ, ಜಪ ಆಮೇಲೆ ಆಗುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಹಾಗೆ ಹೊರಟವರ ದುಃಖವೂ ಸಣ್ಣದಲ್ಲ. ಊರು, ಮನೆ, ಪಾತ್ರೆ ಪಗಡ ಎಲ್ಲ ಬಿಟ್ಟು ಭಾಷೆ ಗೊತ್ತಿಲ್ಲದ ಜಾಗದಲ್ಲಿ ಬದುಕು ಕಟ್ಟುವುದು ಅಂದರೆ ಏನು ಅನ್ನುವುದು ಈ ತಾಯಿಗೆ ಗೊತ್ತು.

ಮೂರನೆಯದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲಿ ಕಳೆದುಹೋದದ್ದು (ಲೂಕ 2:41-50). ಮೂರು ದಿನ ಹುಡುಕಿದ್ದಾರೆ. ಸಿಕ್ಕಾಗ ತಾಯಿ ಅಪ್ಪಿಕೊಂಡರು ಅಂತ ಲೂಕ ಬರೆಯುವುದಿಲ್ಲ. ತಾಯಿ ಕೇಳುತ್ತಾರೆ: ಮಗೂ, ನಮಗೆ ಯಾಕೆ ಹೀಗೆ ಮಾಡಿದೆ? ನಾವು ಎಷ್ಟು ಕಳವಳಪಟ್ಟು ಹುಡುಕಿದೆವು ಗೊತ್ತಾ?

ಯಾಕೆ ಹೀಗೆ ಮಾಡಿದೆ ಅಂತ ದೇವಮಾತೆಯೇ ಕೇಳಿದರು. ಯೇಸುಸ್ವಾಮಿಯ ಮುಖ ನೋಡಿ ನೇರವಾಗಿ ಕೇಳಿದರು. ಅದನ್ನು ಯಾರೂ ಪಾಪ ಅನ್ನಲಿಲ್ಲ. ತಮ್ಮ ತೀರಿಕೊಂಡ ಮೇಲೆ ಮನೆಗೆ ಬಂದವರು "ದೇವರ ಚಿತ್ತ, ಪ್ರಶ್ನೆ ಮಾಡಬಾರದು" ಅಂದಾಗಲೆಲ್ಲ ನನಗೆ ಉಸಿರು ಕಟ್ಟುತ್ತಿತ್ತು. ಈ ಸಾಲು ಓದಿದ ದಿನ ಬಾಗಿಲು ಹಾಕಿಕೊಂಡು ಜೋರಾಗಿ ಕೇಳಿದೆ, ಯಾಕೆ ಹೀಗೆ ಮಾಡಿದೆ ಅಂತ. ಗಂಟಲು ಒಣಗುವ ತನಕ ಕೇಳಿದೆ.

ಇನ್ನೊಂದು ಇದೆ. ಮಗ ಉತ್ತರ ಕೊಟ್ಟ. ಆ ಮಾತು ಅವರಿಗೆ ಅರ್ಥವಾಗಲಿಲ್ಲ ಅಂತ ಲೂಕ ಅಲ್ಲೇ ಬರೆದಿದ್ದಾನೆ. ಅರ್ಥವಾಗದೆಯೇ ಮೂವರೂ ಜೊತೆಯಾಗಿ ನಜರೇತಿಗೆ ನಡೆದರು. ನಾನೂ ಎಷ್ಟೋ ದಿನ ಹಾಗೇ ನಡೆದಿದ್ದೇನೆ. ಮಕ್ಕಳು ಕಾಣೆಯಾದವರು, ಮಾತುಬಿಟ್ಟ ಮಕ್ಕಳ ತಂದೆತಾಯಿ, ದೇವರೇ ಕಾಣೆಯಾದಂತೆ ಅನಿಸುವವರು ಇಲ್ಲಿ ಜಾಸ್ತಿ ದಿನ ಉಳಿಯಬಹುದು.

ನಾಲ್ಕನೆಯದು ಶಿಲುಬೆ ಹೊತ್ತ ಮಗನನ್ನು ದಾರಿಯಲ್ಲಿ ಎದುರಾದದ್ದು. ಇದು ಶುಭಸಂದೇಶದಲ್ಲಿ ಬರೆದಿಲ್ಲ. ಅಳುತ್ತ ಹಿಂದೆ ಬಂದ ಹೆಂಗಸರ ಮಾತು ಲೂಕ 23:27ರಲ್ಲಿದೆ, ತಾಯಿಯ ಭೇಟಿ ಭಕ್ತರ ಪರಂಪರೆಯಿಂದ ಬಂದದ್ದು. ಯೇಸುಸ್ವಾಮಿಯ ಕೊನೆಯ ದಾರಿಯನ್ನು ಒಂದೊಂದು ಸ್ಥಳವಾಗಿ ನೆನೆಯುವ ಪ್ರಾರ್ಥನೆ ಇದೆಯಲ್ಲ, ಆ ಶಿಲುಬೆ ಹಾದಿಯ ನಾಲ್ಕನೇ ಸ್ಥಳವೂ ಇದೇ. ರೋಗಿಯನ್ನು ನೋಡಿಕೊಳ್ಳುವವರಿಗೆ ಇದು ತಮ್ಮದೇ ಅನಿಸುತ್ತದೆ. ನೋವು ಅವರದು, ನಾವು ಹೊರಲು ಆಗುವುದಿಲ್ಲ, ಪಕ್ಕದಲ್ಲಿ ನಡೆಯಬಹುದು ಅಷ್ಟೇ.

ಐದನೆಯದು ಶಿಲುಬೆಯ ಬುಡ (ಯೊವಾನ್ನ 19:25-27). ಅಲ್ಲಿ ತಾಯಿ ನಿಂತಿದ್ದರು ಅಂತ ಯೊವಾನ್ನ ಬರೆಯುತ್ತಾನೆ. ಅಷ್ಟೇ. ಮಾತಾಡಿದರು ಅಂತಿಲ್ಲ, ಮೂರ್ಛೆ ಹೋದರು ಅಂತಿಲ್ಲ. ನಾಲ್ಕನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಆಗಿದ್ದ ಸಂತ ಆಂಬ್ರೋಸರು ಇದನ್ನೇ ಗಮನಿಸಿ, ನಿಂತಿದ್ದರು ಅಂತ ಓದುತ್ತೇನೆ, ಅತ್ತರು ಅಂತ ಓದುವುದಿಲ್ಲ ಅಂದಿದ್ದರು. ಹಾಗಂತ ಅಳಬಾರದು ಅಂದುಕೊಳ್ಳಬೇಡಿ. ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸುಸ್ವಾಮಿಯೇ ಅತ್ತರು, ಅದೂ ಇದೇ ಯೊವಾನ್ನನ ಪುಸ್ತಕದಲ್ಲಿದೆ. ನನಗೆ ಇಲ್ಲಿ ಹಿಡಿಸಿದ್ದು ಆ "ನಿಂತಿದ್ದರು" ಅನ್ನುವ ಪದ. ಮಾಡಲು ಏನೂ ಇರಲಿಲ್ಲ. ಮೊಳೆ ಕೀಳಲು ಆಗುವುದಿಲ್ಲ, ಬಾಯಿಗೆ ನೀರು ಕೊಡಲೂ ಆಗುವುದಿಲ್ಲ. ಹಾಗಿದ್ದೂ ಬಿಟ್ಟು ಹೋಗಲಿಲ್ಲ. ಐಸಿಯು ಹೊರಗೆ ಕೂತವರೇ, ಏನೂ ಮಾಡಲಾಗುತ್ತಿಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದರೆ ಈ ಸಾಲನ್ನು ಮತ್ತೆ ಮತ್ತೆ ಓದಿ. ನೀವು ಅಲ್ಲಿದ್ದೀರಿ.

ಆರನೆಯದು ಇಳಿಸಿದ ದೇಹ ತಾಯಿಯ ಮಡಿಲಿಗೆ ಬಂದದ್ದು. ಅರಿಮತಾಯದ ಜೋಸೆಫ್ ದೇಹವನ್ನು ಕೇಳಿ ಪಡೆದದ್ದು ಯೊವಾನ್ನ 19:38ರಲ್ಲಿದೆ. ಮಡಿಲಿನ ಚಿತ್ರ ಮತ್ತೆ ಪರಂಪರೆಯದು. ರೋಮಿನ ಸಂತ ಪೇತ್ರರ ಬೆಸಿಲಿಕಾದಲ್ಲಿ ಮೈಕೆಲಾಂಜೆಲೊ 1499ರ ಹೊತ್ತಿಗೆ ಕಡೆದು ಮುಗಿಸಿದ ಅಮೃತಶಿಲೆಯ ಮೂರ್ತಿಯ ಫೋಟೊ ನೀವು ನೋಡಿರುತ್ತೀರಿ. ಅದರಲ್ಲಿ ತಾಯಿಯ ಎಡಗೈಯನ್ನು ಗಮನಿಸಿ. ಬಲಗೈ ಮಗನ ಭಾರ ಹಿಡಿದಿದೆ. ಎಡಗೈ ಖಾಲಿ, ಅಂಗೈ ಮೇಲಾಗಿ ತೆರೆದಿದೆ. ನಾನು ಜಪಕ್ಕೆ ಕೂತಾಗ ಎಷ್ಟೋ ಸಲ ನನ್ನ ಕೈಯನ್ನೂ ಹಾಗೇ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ.

ತಮ್ಮನ ದೇಹವನ್ನು ಪೋಸ್ಟ್‌ಮಾರ್ಟಂ ಮುಗಿಸಿ ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕೊಟ್ಟರು. ಅಮ್ಮ ಬಟ್ಟೆಯ ಮೇಲಿಂದಲೇ ಅವನ ಪಾದ ಹಿಡಿದು ನಿಂತರು. ಬೇಗ ಬೇಗ, ಇನ್ನೊಂದು ಗಾಡಿ ಬರಬೇಕು ಅಂತ ಅಲ್ಲಿದ್ದ ಒಬ್ಬರು ಕೂಗಿದರು. ಅಮ್ಮ ಕೈ ತೆಗೆಯಲಿಲ್ಲ. ಕೋವಿಡ್ ಕಾಲದಲ್ಲಿ ಮುಖ ನೋಡದೆಯೇ ಕಳಿಸಿಕೊಟ್ಟವರು, ಹುಟ್ಟಿದ ಮಗುವನ್ನು ಎತ್ತಿಕೊಳ್ಳಲು ಸಿಗದೇ ಹೋದವರು ಈ ಆರನೆಯದನ್ನು ನಿಧಾನವಾಗಿ ಮಾಡಿ. ನಿಮಗೆ ಸಿಗದ ಆ ಹೊತ್ತು ಇಲ್ಲಿ ಸ್ವಲ್ಪ ಸಿಗುತ್ತದೆ.

ಏಳನೆಯದು ಸಮಾಧಿ (ಯೊವಾನ್ನ 19:40-42). ಕಲ್ಲು ಮುಚ್ಚಿ ಮನೆಗೆ ಬರುವುದು. ಏಳನೇ ದಿನದ ಪೂಜೆ, ಮೂವತ್ತನೇ ದಿನದ ಪೂಜೆ ಮುಗಿದ ಮೇಲೆ ಜನ ಬರುವುದು ನಿಲ್ಲುತ್ತದೆ ಅಲ್ವಾ, ಆಗ ಶುರುವಾಗುವುದು ಇದು. ಧರ್ಮಸಭೆಯಲ್ಲಿ ಶನಿವಾರವನ್ನು ಮಾತೆಗೆ ಮೀಸಲಿಟ್ಟಿದ್ದಾರೆ. ಶುಕ್ರವಾರ ಮಗ ಸತ್ತು, ಅವನು ಮತ್ತೆ ಜೀವಂತನಾಗಿ ಎದ್ದ ಭಾನುವಾರ ಇನ್ನೂ ಬಾರದ ಆ ಒಂದು ದಿನ ನಂಬಿಕೆ ಹಿಡಿದುಕೊಂಡು ಉಳಿದವರು ತಾಯಿ ಅನ್ನುವ ನೆನಪಿಗೆ. ನಾವು ಬಹಳ ಮಂದಿ ಬದುಕುವುದು ಆ ಶನಿವಾರದಲ್ಲೇ.

ಜಪದಾರ ಕಟ್ಟಿಕೊಳ್ಳುವುದು

ಏಳು ವ್ಯಾಕುಲಗಳ ಜಪಸರ ಚರ್ಚಿನ ಅಂಗಡಿಗಳಲ್ಲಿ ಒಮ್ಮೊಮ್ಮೆ ಸಿಗುತ್ತದೆ. ಸಿಗದಿದ್ದರೆ ಕಟ್ಟಿಕೊಳ್ಳಿ. ಕಟ್ಟಿಕೊಳ್ಳುವುದೇ ನನಗೆ ಜಾಸ್ತಿ ಇಷ್ಟ. ಮಾತು ಬಾರದ ದಿನಗಳಲ್ಲಿ ಕೈಗೊಂದು ಕೆಲಸ ಇರುತ್ತದೆ.

ಸ್ವಲ್ಪ ದಪ್ಪನೆಯ ಹತ್ತಿ ದಾರವನ್ನೋ ಉಲ್ಲನ್ ದಾರವನ್ನೋ ಎರಡು ಮೊಳ ತೆಗೆದುಕೊಳ್ಳಿ. ಗಂಟು ಹಾಕಿದಂತೆ ದಾರ ಚಿಕ್ಕದಾಗುತ್ತದೆ, ಆದ್ದರಿಂದ ಉದ್ದ ಇರಲಿ. ದಾರವನ್ನು ತೋರುಬೆರಳಿಗೆ ಎರಡು ಸುತ್ತು ಸುತ್ತಿ, ಸುತ್ತು ಸಡಿಲವಾಗಿರುವಾಗಲೇ ಬೆರಳಿಂದ ಜಾರಿಸಿ, ದಾರದ ತುದಿಯನ್ನು ಆ ಸುತ್ತುಗಳ ಒಳಗಿಂದ ತೂರಿಸಿ ಎಳೆಯಿರಿ. ಗಂಟು ಕಾಳಿನಷ್ಟು ದಪ್ಪಗೆ ಕೂರುತ್ತದೆ. ಒಂದೇ ಸುತ್ತಿನ ಗಂಟು ಸಣ್ಣದಾಗಿ ಬೆರಳಿಗೆ ಸಿಗುವುದಿಲ್ಲ. ಮೊದಲಿಗೆ ಮೂರು ಸುತ್ತಿನ ಒಂದು ದೊಡ್ಡ ಗಂಟು. ಅದಾದ ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಸಾಲಾಗಿ ಏಳು ಸಣ್ಣ ಗಂಟು. ಕೊನೆಗೆ ಎರಡೂ ತುದಿ ಸೇರಿಸಿ ಕಟ್ಟಿ ಉಂಗುರದಂತೆ ಮಾಡಿಕೊಳ್ಳಿ. ಇದನ್ನೇ ಏಳು ಸಲ ಸುತ್ತಿದರೆ ಪೂರ್ತಿ ಜಪವಾಯಿತು. ಎಷ್ಟನೇ ಸುತ್ತು ಅಂತ ಮರೆತುಹೋದರೆ ಏಳು ಹುಣಸೆ ಬೀಜ ಇಟ್ಟುಕೊಂಡು ಸುತ್ತಿಗೊಂದರಂತೆ ಈ ಕಡೆಯಿಂದ ಆ ಕಡೆಗೆ ಸರಿಸಿ.

ಜಪದ ಕ್ರಮ

ಶಿಲುಬೆ ಗುರುತು ಹಾಕಿಕೊಳ್ಳಿ. ಚೀಟಿಯ ಸಾಲನ್ನು ಒಮ್ಮೆ ಮೆಲ್ಲಗೆ ಓದಿ. ಮೊದಲನೇ ವ್ಯಾಕುಲದ ಹೆಸರು ಹೇಳಿ, ಅರ್ಧ ನಿಮಿಷ ಆ ಜಾಗದಲ್ಲಿ ಮಾತೆಯ ಪಕ್ಕ ನಿಂತಿದ್ದೀರಿ ಅಂದುಕೊಳ್ಳಿ. ದೊಡ್ಡ ಗಂಟಿನಲ್ಲಿ ಒಂದು "ಪರಲೋಕದಲ್ಲಿರುವ ನಮ್ಮ ತಂದೆಯೇ". ಏಳು ಗಂಟುಗಳಲ್ಲಿ ಏಳು "ನಮೋ ಮರಿಯ". ಎರಡನೇ ವ್ಯಾಕುಲ, ಮತ್ತೆ ಹಾಗೇ. ಏಳೂ ಮುಗಿದ ಮೇಲೆ ಮಾತೆಯ ಕಣ್ಣೀರನ್ನು ನೆನೆದು ಕೊನೆಗೆ ಮೂರು ನಮೋ ಮರಿಯ. ನಮೋ ಮರಿಯ ಒಟ್ಟು 52 ಆಗುತ್ತದೆ. ಅವಸರವಿಲ್ಲದೆ ಮಾಡಿದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಪ್ರಾರ್ಥನಾ ಪುಸ್ತಕಗಳಲ್ಲಿ ನಡುನಡುವೆ ಸಣ್ಣ ಪ್ರಾರ್ಥನೆಗಳು ಇರುತ್ತವೆ, ನಿಮಗೆ ರೂಢಿ ಇದ್ದರೆ ಸೇರಿಸಿಕೊಳ್ಳಿ.

ನಮೋ ಮರಿಯದ ಕೊನೆಯ ಭಾಗವನ್ನು ಗಮನಿಸಿ ಹೇಳಿ. ನಾವು ಅಲ್ಲಿ ಮಾತೆಯ ಹತ್ತಿರ ಕೇಳುವುದು ಎರಡೇ ಹೊತ್ತಿಗೆ: ಈಗ, ಮತ್ತು ನಮ್ಮ ಮರಣದ ಸಮಯದಲ್ಲಿ. ಮುಂದಿನ ವರ್ಷದ ಮಾತು ಅಲ್ಲಿಲ್ಲ. ಐಸಿಯು ಹೊರಗೆ ಅಮ್ಮನಿಗೆ ಆ "ಈಗ" ಅನ್ನುವ ಒಂದು ಪದ ಎಷ್ಟು ಬೇಕಿತ್ತು ಅಂತ ನನಗೆ ತಡವಾಗಿ ಗೊತ್ತಾಯಿತು.

ಮಾತೆಯನ್ನು ಪೂಜಿಸುತ್ತೀರಾ ಅಂತ ಬೇರೆ ಸಭೆಗಳ ನೆಂಟರು ಕೇಳಬಹುದು. ಆರಾಧನೆ ದೇವರಿಗೆ ಮಾತ್ರ, ಮಾತೆಯ ಹತ್ತಿರ ನಮಗಾಗಿ ಪ್ರಾರ್ಥಿಸಿ ಅಂತ ಕೇಳಿಕೊಳ್ಳುತ್ತೇವೆ. ಅಷ್ಟು ಹೇಳಿ, ವಾದಕ್ಕೆ ಇಳಿಯಬೇಡಿ. ದುಃಖದಲ್ಲಿ ವಾದ ಮಾಡುವ ಶಕ್ತಿ ಇರುವುದಿಲ್ಲ.

ಈ ಜಪ ಎಲ್ಲಿಂದ ಬಂತು ಅನ್ನುವುದೂ ಧೈರ್ಯ ಕೊಡುವ ಕತೆಯೇ. 1233ರಲ್ಲಿ ಇಟಲಿಯ ಫ್ಲಾರೆನ್ಸಿನ ಏಳು ಮಂದಿ ಗೆಳೆಯರು ಮನೆ, ವ್ಯಾಪಾರ ಬಿಟ್ಟು ಮಾತೆಯ ಸೇವಕರು ಅನ್ನುವ ಸಭೆ ಕಟ್ಟಿದರು. ಸರ್ವೈಟ್ ಅಂತ ಅವರನ್ನು ಕರೆಯುತ್ತಾರೆ. ಏಳು ವ್ಯಾಕುಲಗಳ ಭಕ್ತಿಯನ್ನು ಜಾಸ್ತಿ ಹರಡಿದವರು ಅವರೇ. ನಮ್ಮ ಕಾಲದಲ್ಲಿ ಇದು ಮತ್ತೆ ಹಬ್ಬಿದ್ದು ಆಫ್ರಿಕಾದ ರುವಾಂಡಾ ದೇಶದ ಕಿಬೆಹೋ ಅನ್ನುವ ಬೆಟ್ಟದ ಊರಿನಿಂದ. 1981ರ ನವೆಂಬರ್ 28ರಂದು ಅಲ್ಲಿ ಶಾಲೆಯ ಹುಡುಗಿಯೊಬ್ಬಳಿಗೆ ಮಾತೆ ಕಾಣಿಸಿಕೊಂಡರು, ಆಮೇಲೆ ಇನ್ನಿಬ್ಬರಿಗೆ. ಅವರಲ್ಲಿ ಮರೀ ಕ್ಲೇರ್ ಅನ್ನುವವಳು ಏಳು ವ್ಯಾಕುಲಗಳ ಜಪವನ್ನು ಜನರಿಗೆ ಕಲಿಸುವುದನ್ನೇ ಕೆಲಸ ಮಾಡಿಕೊಂಡಳು. 1994ರಲ್ಲಿ ಆ ದೇಶದಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರನ್ನು ಕೊಂದರು. ಕಿಬೆಹೋದ ಚರ್ಚಿನೊಳಗೆ ಆಶ್ರಯ ಪಡೆದಿದ್ದವರನ್ನೂ ಬಿಡಲಿಲ್ಲ. ಮರೀ ಕ್ಲೇರ್ ಕೂಡ ಆ ಕಾಲದ ಹಿಂಸೆಯಲ್ಲೇ ಕೊಲೆಯಾದಳು. 2001ರಲ್ಲಿ ಅಲ್ಲಿನ ಬಿಷಪ್ ಈ ಮೂವರಿಗೆ ಆದ ದರ್ಶನಗಳು ನಿಜ ಅಂತ ಒಪ್ಪಿ ಘೋಷಿಸಿದರು. ಅಲ್ಲಿನ ಪುಣ್ಯಕ್ಷೇತ್ರದ ಹೆಸರು ವ್ಯಾಕುಲ ಮಾತೆಯದೇ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಈಗಲೂ ಅಲ್ಲಿ ಈ ಏಳರ ಎಣಿಕೆ ಎಣಿಸುತ್ತಾರೆ. ನಾನು ಒಬ್ಬಳೇ ಎಣಿಸುತ್ತಿದ್ದೇನೆ ಅನಿಸಿದಾಗ ಅವರನ್ನು ನೆನೆಯುತ್ತೇನೆ.

ವಾಟ್ಸಾಪಿನಲ್ಲಿ ಈ ಜಪದ ಹೆಸರಲ್ಲಿ "ಇಷ್ಟು ಜನಕ್ಕೆ ಕಳಿಸಿ, ಇಷ್ಟು ದಿನದಲ್ಲಿ ಫಲ" ಅನ್ನುವ ಮೆಸೇಜು ಬಂದರೆ ಅಳಿಸಿಬಿಡಿ. ಕಳಿಸದಿದ್ದರೆ ಏನಾಗುತ್ತದೋ ಅಂತ ಹೆದರಬೇಡಿ.

ಬಾಯಿ ಬಾರದ ದಿನ

ಬರುತ್ತದೆ. ಆ ದಿನ ದಾರ ಹಿಡಿದು ಸುಮ್ನೆ ಕೂತರೂ ಆಯಿತು. ಒಂದು ಗಂಟಿಗೆ ಒಂದು ಉಸಿರು. ಅಥವಾ ಒಂದೇ ವ್ಯಾಕುಲ, ಏಳು ನಮೋ ಮರಿಯ, ಎದ್ದುಬಿಡಿ. ನಡುವೆ ಅಳು ಬಂದರೆ ಅತ್ತು ಮುಗಿಸಿ, ಯಾವ ಗಂಟಿನಲ್ಲಿ ಬಿಟ್ಟಿರೋ ಅಲ್ಲಿಂದ ಮುಂದುವರಿಸಿ. ಕೋಪ ಬಂದರೆ ಮೂರನೆಯದಕ್ಕೆ ಹೋಗಿ. ನಾಲ್ಕು ದಿನ ಬಿಟ್ಟುಹೋದರೆ ಐದನೇ ದಿನ ಮತ್ತೆ ಕೂರಿ, ಬಿಟ್ಟದ್ದರ ಲೆಕ್ಕ ತೀರಿಸಬೇಕಿಲ್ಲ.

ಹಾಡು ಬರುವವರಿಗೆ ಇನ್ನೊಂದು ದಾರಿ ಇದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆ ಹಾದಿಯಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ನಡೆಯುವಾಗ ಹಾಡುತ್ತೇವಲ್ಲ, ಆ ರೂಢಿಯ ಹಿಂದೆ "ಸ್ತಾಬಾತ್ ಮಾತೆರ್" ಅನ್ನುವ ಹಳೆಯ ಲತೀನ್ ಗೀತೆ ಇದೆ. ಹದಿಮೂರನೇ ಶತಮಾನದ್ದು. ತಾಯಿ ನಿಂತಿದ್ದರು ಅಂತಲೇ ಅದು ಶುರುವಾಗುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ಹಾಡುವ ಶಿಲುಬೆ ಹಾದಿಯ ಪಲ್ಲವಿ ಯಾವುದೋ ಅದನ್ನು ಪಾತ್ರೆ ತೊಳೆಯುವಾಗ ಗುನುಗಿ. ಅದೂ ಜಪವೇ.

ಹಬ್ಬದ ದಿನ

ಸೆಪ್ಟೆಂಬರ್ 15 ವ್ಯಾಕುಲ ಮಾತೆಯ ಸ್ಮರಣೆ. ಹಿಂದಿನ ದಿನ ಪವಿತ್ರ ಶಿಲುಬೆಯ ವಿಜಯೋತ್ಸವ. ಮೊದಲು ಮಗನ ಶಿಲುಬೆ, ಮಾರನೇ ದಿನ ಅದರ ಬುಡದಲ್ಲಿ ನಿಂತ ತಾಯಿ. 1814ರಲ್ಲಿ ಏಳನೇ ಪಯಸ್ ಪೋಪರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ಕೊಟ್ಟರು. ನೆಪೋಲಿಯನ್ನನ ಸೆರೆಯಲ್ಲಿ ವರ್ಷಗಟ್ಟಲೆ ಇದ್ದು ಆಗತಾನೇ ರೋಮಿಗೆ ಮರಳಿದ್ದ ಮುದುಕರು ಅವರು. ಸೆರೆಯಿಂದ ಬಂದವರೇ ಈ ತಾಯಿಯನ್ನು ಎಲ್ಲರಿಗೂ ಕೊಟ್ಟರು ಅನ್ನುವುದು ನನಗೆ ಬಹಳ ಹಿಡಿಸುತ್ತದೆ.

ಅವತ್ತು ಸಾಧ್ಯವಾದರೆ ಪೂಜೆಗೆ ಹೋಗಿ. ಹಳೆಯ ಚೀಟಿ ತೆಗೆದು ನೋಡಿ, ಆ ಸಾಲು ಇನ್ನೂ ನಿಮ್ಮದೇನಾ ಅಂತ. ಬದಲಾಗಿದ್ದರೆ ಹೊಸದು ಬರೆಯಿರಿ. ನನ್ನದು ಮೂರು ವರ್ಷ ಬದಲಾಗಲಿಲ್ಲ. ನಾಲ್ಕನೇ ವರ್ಷ ಅದರ ಕೆಳಗೆ ಮಗುವಿಗೆ ನಾವು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರನ್ನು ಬರೆದೆ.

ಒಬ್ಬರೇ ಇರಬೇಡಿ

ಶಿಲುಬೆಯಿಂದ ಯೇಸುಸ್ವಾಮಿ ತಾಯಿಗಾಗಿ ಮಾಡಿದ ಏರ್ಪಾಟು ಒಂದೇ. ಶಿಷ್ಯನಿಗೆ, ಇಗೋ ನಿನ್ನ ತಾಯಿ ಅಂದರು. ಅವತ್ತಿನಿಂದ ಆ ಶಿಷ್ಯ ಅವರನ್ನು ತನ್ನ ಮನೆಗೆ ಕರೆದುಕೊಂಡ. ಮುಂದೆ ಪ್ರೇಷಿತರ ಕಾರ್ಯಕಲಾಪಗಳು 1:14ರಲ್ಲಿ ಮಾತೆ ಎಲ್ಲರ ಜೊತೆ ಒಂದೇ ಕೋಣೆಯಲ್ಲಿ ಪ್ರಾರ್ಥನೆಯಲ್ಲಿದ್ದಾರೆ. ಹಾಗಾಗಿ ಯಾರಾದರೂ ಕರೆದರೆ ಹೋಗಿ. ಊಟ ತಂದುಕೊಟ್ಟರೆ ಬೇಡ ಅನ್ನಬೇಡಿ. ನಮ್ಮ ಪಕ್ಕದ ಮನೆಯ ಅಕ್ಕ ಕ್ರೈಸ್ತರಲ್ಲ, ಜಪ ಗಿಪ ಅವರಿಗೆ ಗೊತ್ತಿಲ್ಲ. ಒಂದು ತಿಂಗಳು ದಿನಾ ಮಧ್ಯಾಹ್ನ ಸ್ಟೀಲ್ ಡಬ್ಬಿಯಲ್ಲಿ ಬಿಸಿ ಸಾರು ತಂದು ಗೇಟಿನ ಕಂಬದ ಮೇಲೆ ಇಟ್ಟು ಹೋಗುತ್ತಿದ್ದರು. ಒಂದು ಮಾತೂ ಕೇಳುತ್ತಿರಲಿಲ್ಲ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕು ಅನ್ನುವ ಯೋಚನೆ ಬಂದರೆ ದಯವಿಟ್ಟು ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಮ್ಮಿ ಅಂತ ಅಲ್ಲ. ನಾನು ಎಂಟು ತಿಂಗಳು ತೆಗೆದುಕೊಂಡೆ, ಜಪವನ್ನೂ ಮಾಡಿದೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ, ದುಃಖದ ಮನೆಗೆ ಹೋಗುವಾಗ ಕಟ್ಟಿದ ದಾರ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ. ಹೋದ ಕೂಡಲೇ ಕೊಡಬೇಡಿ. ಯಾರಿಗೆ ಹೀಗಾಗಿತ್ತು, ಅವರು ಹೇಗೆ ಎದ್ದುನಿಂತರು ಅನ್ನುವ ಕತೆ ಬೇಡ. ನಿಮ್ಮ ಕತೆಯೂ ಬೇಡ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ, ಆ ಹೆಸರನ್ನು ಕೇಳಲು ಅವರು ಕಾಯುತ್ತಿರುತ್ತಾರೆ. ಮಿಕ್ಕಂತೆ ಪಕ್ಕದಲ್ಲಿ ಕೂರಿ.

ಹೋದ ವರ್ಷ ನಮ್ಮ ಬೀದಿಯ ಕೊನೆ ಮನೆಯಲ್ಲಿ ಪಿಯುಸಿ ಓದುತ್ತಿದ್ದ ಹುಡುಗ ತೀರಿಕೊಂಡ. ಅಮ್ಮನ ಜೊತೆ ನಾನೂ ಹೋಗಿದ್ದೆ. ಹುಡುಗನ ತಾಯಿ ಗೋಡೆಗೆ ಒರಗಿ ಚಾಪೆ ಮೇಲೆ ಕೂತಿದ್ದರು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಮ್ಮನಿಗೆ ಈಗ ಮಂಡಿ ನೋವು. ಹಾಗಿದ್ದೂ ನಿಧಾನಕ್ಕೆ ಕೆಳಗೆ ಕೂತು, ಅವರ ಭುಜಕ್ಕೆ ಭುಜ ತಾಗಿಸಿ ಗೋಡೆಗೆ ಒರಗಿದರು. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅಮ್ಮ ತಮ್ಮ ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಒಂದು ಕುಚ್ಚನ್ನು ಆ ತಾಯಿಯ ಬೆರಳುಗಳ ನಡುವೆ ಇಟ್ಟರು.